ಯೋಗೀಶನ ಬಸ್ಸೂ ನನ್ನ ಎದೆಯೂ

ನವೆಂಬರ್ 12, ಬುಧವಾರ. ಆಸ್ಪತ್ರೆ.

ಸುಪ್ರೀತಾ ಸಿಸ್ಟರ್ ಮಾಡಿದ್ದು ಉಪಕಾರವೋ ಮೋಸವೋ, ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಆರು ವರ್ಷದಿಂದ ಬಸ್ಸಿನಲ್ಲಿ ಟಿಕೆಟ್ ಕೊಡುವಾಗೆಲ್ಲ ಇದ್ದಕ್ಕಿದ್ದಂತೆ ಓಡುತ್ತಿದ್ದ ಹೃದಯ, ಇವತ್ತು ಡಾಕ್ಟರ ಮುಂದೆ ಆರ್‌ಟಿಒ ಕಂಡ ಬಸ್ಸಿನ ಹಾಗೆ ಸಭ್ಯ. ತೊಡೆಯಿಂದ ತಂತಿ ಏರಿಸಿ ಪರದೆಯ ಮೇಲೆ ಹೃದಯದ ನಕ್ಷೆ ಬಿಡಿಸುತ್ತಾರಂತೆ. ಅದು ಓಡಿದರೆ ಮಾತ್ರ ಕರೆಂಟು ಎಲ್ಲಿ ದಾರಿ ತಪ್ಪುತ್ತದೆ ಎಂದು ಗೊತ್ತಾಗುವುದು, ಅಲ್ಲೇ ಸುಡುವುದು. ಒಳಗಿಂದ ತಿವಿದರು, ಮದ್ದು ಕೊಟ್ಟರು. ಊಹೂಂ. "ಓಡದಿದ್ದರೆ ಹಾಗೇ ಮನೆಗೆ ಕಳಿಸಬೇಕಾಗುತ್ತದೆ" ಎಂದರು ಡಾಕ್ಟರು.

ಆಗ ಸುಪ್ರೀತಾ ನನ್ನ ಕಿವಿಯ ಹತ್ತಿರ ಬಗ್ಗಿದಳು. ದಿನಾ ತೆಕ್ಕಟ್ಟೆಯಲ್ಲಿ ನನ್ನ ಬಸ್ಸು ಹತ್ತುವ ಹುಡುಗಿ. "ಹ್ವಾಯ್ ಗೌರೀಶಣ್ಣ, ಇವತ್ ನಿಮ್ ಹಿಂದೆ ಬಪ್ಪ ಬಸ್ಸಿನ ಯೋಗೀಶಣ್ಣ ನಾಲ್ಕ್ ನಿಮಿಷ ಮುಂಚೆ ಬಂದ್ ನಿಮ್ ಜನ ಎಲ್ಲಾ ಹತ್ತಿಸ್ಕಂಡ್ ಹೋದ್ರ್."

ಎದೆಬಡಿತ ನೂರ ತೊಂಬತ್ತು! ಡಾಕ್ಟರು "ಸಿಕ್ತು, ಸಿಕ್ತು" ಎಂದು ಕೂಗಿದ್ದು ಕೇಳಿಸಿತು. ನಾನು ಮಲಗಿದಲ್ಲೇ ಯೋಗೀಶನಿಗೆ ಬೈಯುತ್ತಿದ್ದೆ. ಸುಟ್ಟರು. ಓಟ ನಿಂತಿತು.

ಅದು ನಿಜವಾ ಎಂದು ಸಂಜೆ ಕೇಳಿದರೆ ಸುಪ್ರೀತಾ ಸುಮ್ಮನೆ ನಗುತ್ತಾಳೆ.

ನಾಳೆ ಡಿಸ್ಚಾರ್ಜ್. "ಯೋಗೀಶಣ್ಣನ ಬಸ್ಸಂಗೇ ಹೋಪ, ಬೇಗ ಮುಟ್ಟತ್ತ್" ಎಂದಳು ನನ್ನ ಹೆಂಡತಿ ಚಂದ್ರಮತಿ. ಉಸಿರು ಬಿಗಿಹಿಡಿದು ಮಾನಿಟರ್ ನೋಡಿದೆ. ಎಪ್ಪತ್ತೆರಡು. ಇಂಥ ಮಾತಿಗೂ ಎಪ್ಪತ್ತೆರಡೇ! ಆ ಪುಣ್ಯಾತ್ಮ ಡಾಕ್ಟರು ಒಳಗೆ ಎಂತೆಂತದೆಲ್ಲ ಸುಟ್ಟರೋ!