ಪಾಲು ಮಾಡಿಕೊಂಡ ಊರು

ತಾರೀಖು ಹನ್ನೊಂದು, ಬುಧವಾರ
ಊಟದ ವಿರಾಮ

ಸೇತುವೆಯ ಆಚೆ ಕಡೆಯವರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನನ್ನ ನಂಬರು ನೋಡಿದರೆ ನೀವು ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಅದಕ್ಕೇ ಈ ಕಾಗದ. ದಯವಿಟ್ಟು ಹರಿಯಬೇಡಿ, ಇದರಲ್ಲಿ ಬೈಗುಳವಿಲ್ಲ. ಬೈಯುವಷ್ಟು ಕಾವೂ ನನ್ನಲ್ಲಿ ಉಳಿದಿಲ್ಲ.

ನಾವು ಬೇರೆಯಾದ ವರ್ಷ ಊರನ್ನೂ ಪಾಲು ಮಾಡಿಕೊಂಡೆವಲ್ಲ, ರೈಲ್ವೆ ಸೇತುವೆಯ ಈಚೆ ನನಗೆ, ಆಚೆ ನಿಮಗೆ ಎಂದು. ದೊಡ್ಡ ಶಹರವಾಗಿದ್ದರೆ ಆ ಗೊಡವೆಯೇ ಇರುತ್ತಿರಲಿಲ್ಲ; ಹಳ್ಳಿಯಾಗಿದ್ದರೆ ಪಾಲು ಮಾಡಲು ಏನೂ ಇರುತ್ತಿರಲಿಲ್ಲ. ನಮ್ಮದು ನಡುವಿನ ಊರು. ಹಲ್ಲಿನ ಡಾಕ್ಟರು ಇಬ್ಬರಿದ್ದರು, ಒಬ್ಬೊಬ್ಬರು ಸಿಕ್ಕರು. ಗ್ರಂಥಾಲಯ ನಿಮಗೆ ಹೋಯಿತು, ಪಾರ್ಕು ನನಗೆ ಬಂತು. ಈಜುಕೊಳ ಒಂದೇ ಇತ್ತು, ಇಬ್ಬರಿಗೂ ಈಜು ಬರುವುದಿಲ್ಲವಾದ್ದರಿಂದ ತಕರಾರಾಗಲಿಲ್ಲ. ಆರು ವರ್ಷದಲ್ಲಿ ನಿಮ್ಮ ಬೆನ್ನನ್ನು ಎರಡು ಸಲ ನೋಡಿದ್ದೇನೆ, ಎರಡೂ ಸಲ ಬಸ್ಸಿನಿಂದ. ಬಾಗಿಲು ಹಾಕಿದ ಅಂಗಡಿಯನ್ನು ನೋಡಿದ ಹಾಗಿತ್ತು. ಏನೂ ಅನ್ನಿಸಲಿಲ್ಲ.

ಆದರೆ ಸ್ಕ್ಯಾನ್ ಯಂತ್ರ ಊರಿಗೆಲ್ಲ ಒಂದೇ. ಅದು ನನ್ನ ಕಡೆ, ನಾನು ಕೆಲಸ ಮಾಡುವ ಕಟ್ಟಡದಲ್ಲಿದೆ. ಗುರುವಾರ ನನಗೆ ರಜೆ ಎಂದು ವಿಚಾರಿಸಿಕೊಂಡೇ ಬಂದಿರಿ. ಮರುದಿನ ಎಂದಿನಂತೆ ಇಯರ್‌ಫೋನ್ ಹಾಕಿಕೊಂಡು, ಡಾಕ್ಟರು ಧ್ವನಿಯಲ್ಲಿ ಹೇಳಿಟ್ಟ ವರದಿಗಳನ್ನು ಟೈಪ್ ಮಾಡುತ್ತಿದ್ದೆ. ಏಳನೆಯದರಲ್ಲಿ ನಿಮ್ಮ ಹೆಸರು ಬಂತು. ನನಗೆ ಗೊತ್ತಾದದ್ದೇ ಆಗ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಎಂಟು ಮಿಲಿಮೀಟರಿನ ಗಂಟು, ತಡಮಾಡದೆ ತಜ್ಞರಿಗೆ ತೋರಿಸುವುದು. ಒಂದಕ್ಷರ ತಪ್ಪಿಲ್ಲದೆ ಹೊಡೆದೆ. ಎಂಟನೆಯದನ್ನೂ ಹೊಡೆದೆ, ಅದು ಯಾರದೋ ಮೊಣಕಾಲು. ಆಮೇಲೆ ಹೋಗಿ ಊಟದ ಡಬ್ಬಿ ತೊಳೆದೆ. ಅಳು ಬರುತ್ತದೇನೋ ಎಂದು ನಲ್ಲಿಯ ಹತ್ತಿರವೇ ಸ್ವಲ್ಪ ಹೊತ್ತು ನಿಂತೆ, ಬರಲಿಲ್ಲ.

ಹತ್ತೊಂಬತ್ತು ದಿನವಾಯಿತು, ವರದಿ ಇನ್ನೂ ಕಪಾಟಿನಲ್ಲೇ ಇದೆ. ಕೌಂಟರಿನ ಹುಡುಗಿಯನ್ನು ಕೇಳಿದರೆ, ಬರ್ತಾರೆ ಬಿಡಿ ಅಕ್ಕ, ಈ ಊರಲ್ಲಿ ಇನ್ನೆಲ್ಲಿಗೆ ಹೋಗ್ತಾರೆ ಅಂದಳು. ನೀವು ಯಾರೆಂದು ಅವಳಿಗೆ ಗೊತ್ತಿಲ್ಲ. ವರದಿ ಕೊಡುವ ಕಿಟಕಿ ಗುರುವಾರ ಮುಚ್ಚಿರುತ್ತದೆ, ಬೇರೆ ದಿನ ಬಂದರೆ ನನ್ನ ಮುಖ ನೋಡಬೇಕು, ಅದಕ್ಕೇ ನೀವು ಬರುತ್ತಿಲ್ಲ. ಇಷ್ಟು ಹಟ ಒಳ್ಳೆಯದಲ್ಲ. ಈ ಶುಕ್ರವಾರ ಬನ್ನಿ. ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ಎದೆಯ ತಜ್ಞರೂ ನನ್ನ ಕಡೆಯೇ ಇರುವುದು, ಚಿಕಿತ್ಸೆ ಮುಗಿಯುವವರೆಗೆ ಸೇತುವೆಯ ಮಾತು ಬಿಡೋಣ. ಯಾರ ವಿಷಯ ಎಂದು ಹೇಳದೆ ನಮ್ಮ ಡಾಕ್ಟರನ್ನು ಕೇಳಿದ್ದೇನೆ. ಈಗಲೇ ಹಿಡಿದರೆ ವಾಸಿಯಾಗುವ ಹಂತವಂತೆ, ಮುಂದೂಡಿದರೆ ಕಷ್ಟವಂತೆ.

ಪ್ರೀತಿ ಉಕ್ಕಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನೀವಿಲ್ಲದಿದ್ದರೆ ಇಡೀ ಊರು ನನ್ನದಾಗುತ್ತದೆ. ಅಷ್ಟು ದೊಡ್ಡ ಊರು ನನಗೆ ಬೇಡ.

ಇಂತಿ,
ಈಚೆ ಕಡೆಯವಳು

ಇನ್ನೊಂದು ಮಾತು: ಮೇಲೆ ಒಂದು ಸುಳ್ಳಿದೆ. ನೀವು ಬಂದದ್ದು ನನಗೆ ಮೊದಲೇ ಗೊತ್ತಿತ್ತು. ಗುರುವಾರ ಬಂದ ರೋಗಿಗಳ ಅರ್ಜಿಗಳನ್ನು ಶುಕ್ರವಾರ ಬೆಳಿಗ್ಗೆ, ಡಾಕ್ಟರು ಸ್ಕ್ಯಾನ್ ನೋಡುವ ಮುಂಚೆ, ಕಂಪ್ಯೂಟರಿಗೆ ಏರಿಸುವವಳೂ ನಾನೇ. ಸಿಗರೇಟು ಸೇದುತ್ತೀರಾ ಎಂಬಲ್ಲಿ ಇಲ್ಲ ಎಂದು ಬರೆದಿದ್ದಿರಿ. ಆರು ವರ್ಷದಲ್ಲಿ ಮೊದಲ ಸಲ ನನಗೆ ಮೈ ಉರಿಯಿತು. ಹೌದು, ಇಪ್ಪತ್ತಾರು ವರ್ಷದಿಂದ, ದಿನಕ್ಕೆ ಹತ್ತು ಎಂದು ತಿದ್ದಿದೆ. ಧ್ವನಿಯಲ್ಲಿ ಡಾಕ್ಟರು ಮೊದಲು ಎಲ್ಲ ಸರಿಯಿದೆ ಎನ್ನುತ್ತಾರೆ. ಆಮೇಲೆ, ಓ, ಸೇದ್ತಾರಾ, ಹಾಗಾದ್ರೆ ಇನ್ನೊಂದ್ಸಲ ನೋಡ್ತೀನಿ ಎನ್ನುತ್ತಾರೆ. ಆ ಮಾತನ್ನು ಮಾತ್ರ ನಾನು ಟೈಪ್ ಮಾಡಲಿಲ್ಲ.