ದೊರೆಯ ಬಾಯಿ ಕೋಲು ಕೆಳಗಿಟ್ಟಾಗ

ಅಕ್ರಾ
2 ಜೂನ್ 1976

ಪ್ರೀತಿಯ ಲಿಂಟನ್,

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ನಿನ್ನಾಕೆ ಐಸ್ಮೇಯ ಮಂಡಿನೋವು ಹೇಗಿದೆ? ಅವಳು ಕಳಿಸಿದ ಮೆಣಸಿನ ಗೊಜ್ಜಿನ ಸೀಸೆ ದಾರಿಯಲ್ಲೇ ಒಡೆದು ಸರ್ಕಾರಿ ಟಪಾಲಿನ ಚೀಲವೆಲ್ಲ ನೆನೆದಿತ್ತು. ಅತಿ ಗೋಪ್ಯ ಎಂದು ಮೊಹರು ಹಾಕಿದ ಪತ್ರಗಳನ್ನು ನಾನು ಸೀನುತ್ತ ಸೀನುತ್ತ ಓದಿ ಮುಗಿಸಿದೆ.

ನಿನ್ನ ಫೆಬ್ರವರಿಯ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನಮ್ಮ ದ್ವೀಪದ ಮೀನು ಮಾರುಕಟ್ಟೆಯ ಮಾಡು ಕುಸಿಯುವಂತಿದೆ ಎಂದು ಕಟ್ಟಡಗಳ ಮೇಲ್ವಿಚಾರಕನಾಗಿ ನೀನು ಬರೆದ ಎಚ್ಚರಿಕೆಯ ಪತ್ರ, ಆಗ ಸಚಿವಾಲಯದಲ್ಲಿದ್ದ ನನ್ನ ಕೈಸೇರಿತ್ತೋ ಇಲ್ಲವೋ? ಹೋದ ವರ್ಷ ಮಾಡು ಕುಸಿಯಿತು, ಮೂವರು ಹೆಂಗಸರು ಸತ್ತರು. ಅಂಥ ಪತ್ರವೇ ಬಂದಿಲ್ಲ ಎಂದರು ಮಂತ್ರಿಗಳು. ನಿನ್ನನ್ನು ಸುಳ್ಳುಗಾರ ಎಂದು ಕೆಲಸದಿಂದ ನಿಲ್ಲಿಸಿದರು. ವಿಚಾರಣಾ ಸಮಿತಿ ನನ್ನನ್ನು ಕೇಳಿದಾಗ 'ನೆನಪಿಲ್ಲ' ಎಂದು ಬರೆದುಕೊಟ್ಟೆ. ತಿಂಗಳ ಕೊನೆಗೆ ಅವರ ತೀರ್ಮಾನ.

ಉತ್ತರಕ್ಕೆ ಬರುತ್ತೇನೆ. ಮೊದಲು ಒಂದು ನಾಟಕ ಕೇಳು. ನಾಟಕವಿಲ್ಲದೆ ನಾನು ಎಂದು ತಾನೇ ಮಾತಿಗೆ ಬಂದಿದ್ದೇನೆ?

ರಂಗ: ಕರಾವಳಿಯ ಒಂದು ಮೀನುಗಾರರ ಪಟ್ಟಣ, ಅರಮನೆಯ ಅಂಗಳ. ಮಧ್ಯದಲ್ಲಿ ದೊಡ್ಡ ಕೊಡೆಯ ಕೆಳಗೆ ದೊರೆ. ಎದುರಿಗೆ ಮಾರುಕಟ್ಟೆಯ ಹೆಂಗಸರು, ಒಬ್ಬೊಬ್ಬರೂ ಒಂದೊಂದು ಬಿರುಗಾಳಿ. ಅತಿಥಿಗಳ ಸಾಲಿನಲ್ಲಿ ನಮ್ಮ ದ್ವೀಪದ ರಾಯಭಾರಿಯಾದ ನಾನು, ಕೋಟಿನೊಳಗೆ ಬೇಯುತ್ತ. ಇಲ್ಲಿಗೆ ಬಂದು ಐದು ವರ್ಷವಾಯಿತು, ಈ ಕೋಟು ಮಾತ್ರ ಇನ್ನೂ ಹೊಂದಿಕೊಂಡಿಲ್ಲ.

ಇಲ್ಲಿಯ ದೊರೆ ಜನರೊಡನೆ ನೇರವಾಗಿ ಮಾತಾಡುವುದಿಲ್ಲ. ಮೆಲ್ಲಗೆ ನುಡಿಯುತ್ತಾನೆ; ಚಿನ್ನದ ರೇಕಿನ ಕೋಲು ಹಿಡಿದವನೊಬ್ಬ ಅದನ್ನು ತಿದ್ದಿ ತೀಡಿ, ಇಡೀ ಅಂಗಳಕ್ಕೆ ಕೇಳುವಂತೆ ಸಾರುತ್ತಾನೆ. ದೊರೆಯ ಬಾಯಿ ಎಂದರೆ ಅವನೇ. ಈ ಊರಿನ ಬಾಯಿ ಕೊಬಿನಾ ಎಂಬ ಎಪ್ಪತ್ತರ ಮುದುಕ. ಎದ್ದು ನಿಂತನೆಂದರೆ ನನ್ನಂಥ ಹಳೇ ರಾಜಪಾತ್ರದವನೂ ನಾಚಬೇಕು, ಅಂಥ ಕಂಠ.

ಹಳೆಯ ಮಾರುಕಟ್ಟೆ ಕೆಡವುವಾಗ, ಮಳೆಗೆ ಮುಂಚೆ ಹೊಸ ಮಳಿಗೆ ಕೊಡುತ್ತೇನೆಂದು ದೊರೆ ಮಾತು ಕೊಟ್ಟಿದ್ದ. ಮಳೆ ಬಂತು, ಮಳಿಗೆ ಬರಲಿಲ್ಲ. ಹೆಂಗಸರ ಮುಖಂಡಳು ಎಫುವಾ ಸೊಂಟಕ್ಕೆ ಬಟ್ಟೆ ಬಿಗಿದು ನಿಂತಳು. ದೊರೆಯನ್ನು ಇಲ್ಲಿ 'ನಾನಾ' ಎಂದು ಕರೆಯುತ್ತಾರೆ.

"ನಾನಾ, ನಮ್ಮ ಮೀನು ಮತ್ತೆ ಈಜೋಕೆ ಶುರುಮಾಡಿದೆ. ಮಳಿಗೆ ಎಲ್ಲಿ?"

ದೊರೆ ಕೊಬಿನಾನ ಕಡೆ ವಾಲಿ ಏನೋ ಹೇಳಿದ. ಮುದುಕ ಸಾರಲಿಲ್ಲ. ದೊರೆ ಮತ್ತೊಮ್ಮೆ ಹೇಳಿದ. ಮುದುಕ ಮುಂದೆ ಬಂದು, ಕೋಲನ್ನು ದೊರೆಯ ಪಾದದ ಬಳಿ ಮೆಲ್ಲಗೆ ಮಲಗಿಸಿದ.

"ನಾನಾ, ಹೋದ ವರ್ಷ ಮಳಿಗೆ ಕೊಡ್ತೀನಿ ಅಂತ ನೀವಂದದ್ದು ಈ ಬಾಯಿಂದಾನೇ ಹೊರಗೆ ಬಂತು. ಈಗ, ಹಾಗಂದೇ ಇಲ್ಲ ಅನ್ನೋದನ್ನೂ ಇದೇ ಬಾಯಿ ಹೇಳಬೇಕು ಅಂದ್ರೆ ಆಗಲ್ಲ. ಬೇರೆ ಬಾಯಿ ನೋಡ್ಕೊಳ್ಳಿ."

ಲಿಂಟನ್, ನೂರಾರು ಜನರ ಕಣ್ಣೆಲ್ಲ ದೊರೆಯ ಮೇಲೆ. ಕೊನೆಗೆ ದೊರೆ, ಮೊದಲ ಸಲ ಎಲ್ಲರಿಗೂ ಕೇಳುವಂತೆ, "ಕೋಲು ಎತ್ಕೋ ಕೊಬಿನಾ," ಎಂದ. "ಮಾತು ಕೊಟ್ಟಿದ್ದೆ ಅಂತ ಹೇಳು. ನನ್ನ ಕೈಲಿ ಆಗಲಿಲ್ಲ ಅಂತಾನೂ ಹೇಳು."

ಕೊಬಿನಾ ಎತ್ತಿಕೊಂಡು ಗುಡುಗಿದ. ಎಫುವಾ ತಲೆಯಾಡಿಸಿದಳು. "ಇಷ್ಟು ಹೇಳೋಕೆ ಒಂದು ಮಳೆಗಾಲ ಬೇಕಾಯ್ತಾ, ನಾನಾ? ಹೋಗಲಿ, ಅರಮನೆ ಜಗಲಿ ಒಣಗಿದೆ. ನಾಳೆಯಿಂದ ಅಲ್ಲೇ ಮಾರ್ತೀವಿ." ದೊರೆಯೇ ಮೊದಲು ನಕ್ಕ. ಈಗ ಅರಮನೆಯೆಲ್ಲ ಹೊಗೆಮೀನಿನ ವಾಸನೆ.

ಊಟಕ್ಕೆ ಮುದುಕ ನನ್ನ ಪಕ್ಕ ಕೂತ. ಹುಳಿಬರಿಸಿದ ಜೋಳದ ಕಡುಬು ಮುರಿಯುತ್ತ ಕೇಳಿದ, "ನೀವೂ ನಿಮ್ಮ ದೊರೆಗೆ ಬಾಯೇ ಅಲ್ಲವಾ ಸ್ವಾಮಿ?"

"ಹೌದು."

"ಕೋಲು ಕೆಳಗಿಟ್ಟಿದ್ದುಂಟಾ?"

"ನಮ್ಮಲ್ಲಿ ಕೋಲು ಕೊಡೋದಿಲ್ಲ," ಎಂದೆ, ಜಾಣತನ ಮಾಡಿ.

"ಅಯ್ಯೋ ಪಾಪ. ಹಾಗಾದ್ರೆ ಏನು ಕೆಳಗಿಡ್ತೀರಿ?"

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದವನಂತೆ ಕೆಮ್ಮಿದೆ. ನಟನೆ ಚೆನ್ನಾಗಿತ್ತು. ಮುದುಕ ನಂಬಲಿಲ್ಲ.

ಅಂದಿನಿಂದ ಯೋಚಿಸುತ್ತಿದ್ದೇನೆ. ಸಂವಿಧಾನ, ಶಾಸನಸಭೆ, ಕಡತ, ಮೊಹರು, ಎಲ್ಲವೂ ನಮಗಿವೆ. ಆದರೆ ನಮ್ಮಲ್ಲಿ ಸುಳ್ಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸದ್ದಿಲ್ಲದೆ ಹೋಗುತ್ತದೆ. ಯಾರ ಬಾಯಿಂದ ಹೊರಟಿತೆಂದು ಕೇಳಿದರೆ ಯಾರೂ ಸಿಗುವುದಿಲ್ಲ. ಇಲ್ಲಿ ಅದು ಹಗಲಿನಲ್ಲಿ, ಊರೆದುರು, ಹೆಸರಿರುವ ಒಬ್ಬ ಮನುಷ್ಯನ ಗಂಟಲನ್ನು ದಾಟಿ ಬರಬೇಕು. ಇಲ್ಲಿಯ ದೊರೆಗಳೆಲ್ಲ ಸತ್ಯವಂತರೆಂದು ನಾನು ಹೇಳುವುದಿಲ್ಲ. ಸುಳ್ಳನ್ನು ತಡೆಯಲು ಒಂದು ಗಂಟಲಾದರೂ ಇದೆ, ಅಷ್ಟೇ.

ನಿನ್ನ ಮನೆಯನ್ನು ಈ ವರ್ಷದ ಚಂಡಮಾರುತ ಮುಟ್ಟದಿರಲಿ. ಐಸ್ಮೇ ಕ್ರಿಸ್‌ಮಸ್‌ಗೆ ಕುಣಿಯುವಂತಾಗಲಿ. ನಿನಗೆ ನಿನ್ನ ಹೆಸರು ಮರಳಿ ಬರಲಿ.

ನಿನ್ನ
ಒರ್ವಿಲ್

ಮರೆತ ಮಾತು: ಮರೆತದ್ದಲ್ಲ, ಹಿಂದೆ ಉಳಿಸಿಕೊಂಡದ್ದು. ನಿನ್ನ ಪತ್ರ ಬಂದಿತ್ತು. 1970ರ ಮಾರ್ಚ್ 11ರದ್ದು, ಎರಡು ಹಾಳೆ, ಕೊನೆಯಲ್ಲಿ ತುಕ್ಕು ಹಿಡಿದ ತೊಲೆಯ ಚಿತ್ರ. ಮಂತ್ರಿಗಳಿಗೆ ತೋರಿಸಿದೆ. "ಇದು ಕಡತದಲ್ಲಿ ಇರೋದು ಬೇಡ," ಎಂದರು. ತೆಗೆದೆ. ಮರುವರ್ಷ ನನಗೆ ಈ ಪದವಿ ಬಂತು. ಯಾಕೆ ಬಂತೆಂದು ನಾನು ಕೇಳಲಿಲ್ಲ, ಗೊತ್ತಿತ್ತು. ಆ ಪತ್ರವನ್ನು ಹರಿಯಲು ಕೈ ಬರದೆ ಈ ಕೋಟಿನ ಒಳಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮೂಲ ಪ್ರತಿ, ತಲುಪಿದ ದಿನ ನಾನು ಹಾಕಿದ ರುಜು ಸಮೇತ, ಇವತ್ತಿನ ಟಪಾಲಿನಲ್ಲೇ ಸಮಿತಿಗೆ ಹೋಗುತ್ತಿದೆ. ಮಂತ್ರಿಗಳಿಗೆ ರಾಜೀನಾಮೆಯೂ.

ಶಾಲೆಯ ನಾಟಕಗಳಲ್ಲಿ ನಾನು ರಾಜ, ನೀನು ಪರದೆಯ ಹಿಂದೆ ಮಾತು ನೆನಪಿಸುವವನು. ನಿನ್ನಿಂದಾಗಿ ನಾನು ಒಂದು ಸಾಲನ್ನೂ ಮರೆತವನಲ್ಲ. ಸಮಿತಿಗೆ 'ನೆನಪಿಲ್ಲ' ಎಂದು ಬರೆಯುವಾಗಲೂ ನಿನ್ನ ಪಿಸುಮಾತು ನನಗೆ ಕೇಳಿಸುತ್ತಲೇ ಇತ್ತು.