ಕ್ಯಾಪ್ಟನ್ ಸರ್‌ಗೆ ಎರಡು ಫೋಟೋ ಬೇಕು

ಕಶ್ಯಪ್ ಸರ್, ನಮಸ್ಕಾರ.

ಪೈಲಟ್ ಕೆಲ್ಸಕ್ಕೆ ಡಿಗ್ರಿ ಬೇಡ ಅಂತ ಪೈಲಟ್ ಆಗ್ಬೇಕು ಅನ್ನೋ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಯಾವಾಗ್ಲೂ ಹೇಳ್ತಿದ್ದೋರು ನೀವೇ ಅಲ್ವಾ? ಪಿಯುಸೀಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದು ಲೈಸೆನ್ಸ್ ಸಿಕ್ರೆ ಸಾಕು, ಅದಕ್ಕೆ ನಾನೇ ಸಾಕ್ಷಿ ಅಂತಿದ್ರಿ. ಆ ಮೆಸೇಜ್ ತೋರ್ಸೇ ನಾನು ಫ್ಲೈಯಿಂಗ್ ಸ್ಕೂಲ್ ಸೇರೋಕೆ ಅಪ್ಪನ್ನ ಒಪ್ಪಿಸಿದ್ದು. ಹೋದ ತಿಂಗ್ಳು ಇದ್ದಕ್ಕಿದ್ದಂಗೆ "ಎಲ್ರೂ ಮೊದ್ಲು ಡಿಗ್ರಿ ಮುಗ್ಸಿ" ಅಂತ ಹಾಕಿ ಗ್ರೂಪ್ ಬಿಟ್ಬಿಟ್ರಿ. "ಗುರು, ಕ್ಯಾಪ್ಟನ್ ಅಕೌಂಟ್ ಹ್ಯಾಕ್ ಆಗಿದೆ" ಅಂತ ಹುಡುಗ್ರು ನಕ್ರು.

ನಿನ್ನೆ ಗಾಂಧಿ ಬಜಾರಲ್ಲಿ ಹೂವು ತಗೊಳ್ವಾಗ ನಿಮ್ಮಮ್ಮ ಅಂಬುಜಮ್ಮನೋರು ಸಿಕ್ಕಿದ್ರು. "ಹಾರ್ಟ್ ತೊಂದ್ರೆ ಅಂತ ಮೆಡಿಕಲಲ್ಲಿ ಫೇಲ್ ಮಾಡಿದ್ರಮ್ಮ, ಅವನಿನ್ನು ಪ್ಲೇನ್ ಓಡ್ಸೋ ಹಾಗಿಲ್ಲ. ಬೇರೆ ಕೆಲ್ಸ ಕೇಳಿದ್ರೆ ಎಲ್ಲಾ ಕಡೆ ಡಿಗ್ರಿ ಏನು ಅಂತಾರೆ. ಮೇಲೆ ಪ್ಲೇನ್ ಸದ್ದಾದ್ರೆ ಟೀವಿ ಜೋರು ಮಾಡ್ತಾನೆ" ಅಂದ್ರು. ಸೇವಂತಿಗೆ ಅಳೀತಿದ್ದ ಹೂ ಮಾರೋ ಅಮ್ಮ ಒಂದು ಮೊಳ ಜಾಸ್ತಿನೇ ಹಾಕಿದ್ರು. ನಿಮ್ಮಮ್ಮ ನೋಡ್ಲೇ ಇಲ್ಲ.

ನಾನು ಫ್ಲೈಯಿಂಗ್ ಸ್ಕೂಲ್ ಬಿಡಲ್ಲ ಸರ್. ಜೊತೆಗೆ ಕರೆಸ್ಪಾಂಡೆನ್ಸಲ್ಲಿ ಡಿಗ್ರಿಗೂ ಸೇರ್ತಿದೀನಿ. ಸೋಮವಾರ ಅಡ್ಮಿಷನ್ನು. ನೀವೂ ನಿಮ್ಮ ಪಿಯುಸಿ ಮಾರ್ಕ್ಸ್ ಕಾರ್ಡ್ ಹುಡುಕಿಟ್ಕೊಳ್ಳಿ, ಎರಡು ಫೋಟೋನೂ ಬೇಕು. ಯೂನಿಫಾರ್ಮ್ ಹಾಕಿರೋ ಫೋಟೋ ಆದ್ರೂ ಪರ್ವಾಗಿಲ್ಲ. ಅವತ್ತು ಬೆಳಿಗ್ಗೆ ನಿಮ್ಮ ಗೇಟ್ ಹತ್ರ ಸ್ಕೂಟಿ ನಿಲ್ಸಿ ಹಾರನ್ ಹೊಡೀತೀನಿ.

ಇಂತಿ, ನಿಮ್ಮ ಹಿಂದಿನ ರೋಡಿನ
ಮೈತ್ರೇಯಿ, ತ್ಯಾಗರಾಜನಗರ

ತಾ.ಕ.: "ಹೆದರ್ಬೇಡಿ, ಸೇರ್ಕೊಳ್ಳಿ" ಅಂತ ನಮಗೆಲ್ಲ ಅಷ್ಟು ಸಲ ಹೇಳಿದ್ರಲ್ಲ ಸರ್, ಹಾರನ್ ಕೇಳಿದ್ರೆ ನೀವು ಹೊರಗೆ ಬರ್ತೀರೋ, ಟೀವಿ ಜೋರು ಮಾಡ್ತೀರೋ?